ರಜೆ ಇದ್ದವರ ಮಲೆನಾಡು

ದಲಿತ ವಿಮರ್ಶೆಯ ಬಗ್ಗೆ ವಿಶೇಷ ಸಂಚಿಕೆ ತರುತ್ತಿದ್ದೇವೆ, ನೀವೂ ಬರೆಯಬೇಕು ಎಂದು ಗೆಳೆಯರು ಕೇಳಿದಾಗ ನಾನು ಮಾನದಂಡ, ತಾತ್ವಿಕತೆ, ಅನನ್ಯತೆ ಇಂಥ ಮಾತುಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತೆ. ಎರಡು ಪುಟ ಬರೆದು ಹರಿದು ಹಾಕಿದೆ. ಹೊರಗೆ ಏಪ್ರಿಲ್ ತಿಂಗಳ ಬಿಸಿಲು. ಪಕ್ಕದ ಮನೆಯ ಹುಡುಗರು ಚೀಲ ತುಂಬಿಕೊಂಡು ಹೊರಟು ನಿಂತಿದ್ದರು. 'ಅಂಕಲ್, ನಿಮ್ಮ ಕೊಪ್ಪದ ಕಡೆಗೇ ಹೋಗ್ತಿದೀವಿ, ಹೋಂಸ್ಟೇ ಬುಕ್ ಮಾಡಿದೀವಿ. ನಿಮಗೇನ್ ಬಿಡಿ, ಚಿಕ್ಕೋರಿದ್ದಾಗ ರಜೆ ಎಲ್ಲಾ ಅಲ್ಲೇ ಮಜವಾಗಿ ಕಳ್ದಿರ್ತೀರಿ' ಅಂದರು. ಒಳ್ಳೆಯ ಹುಡುಗರು. ನಾನು ನಕ್ಕು ಹೂಂ ಅಂದೆ. ಒಳಗೆ ಬಂದು ಕೂತ ಮೇಲೆ ಆ ಹೂಂ ಅನ್ನುವುದು ಎಲ್ಲಿಂದ ಬಂತು ಅಂತ ಯೋಚನೆಯಾಯಿತು. ಈ ಲೇಖನ ಅಲ್ಲಿಂದ ಶುರುವಾಗಿದೆ.

ನಾನು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಒಂದು ಅಡಿಕೆ ತೋಟದ ತಲೆಯ ಮೇಲಿದ್ದ ನಾಲ್ಕು ಸೋಗೆ ಗುಡಿಸಲುಗಳ ಪೈಕಿ ಒಂದರಲ್ಲಿ. ಹೈಸ್ಕೂಲಿಗೆ ಪೇಟೆಯ ಹಾಸ್ಟೆಲು ಸೇರಿದೆ. ಜೊತೆಯ ಹುಡುಗರು ಮಾರ್ಚ್ ತಿಂಗಳಿಂದಲೇ ರಜೆಗೆ ಎಷ್ಟು ದಿನ ಅಂತ ಎಣಿಸುತ್ತಿದ್ದರು. ಹಾಸ್ಟೆಲಿನ ನಾವೂ ಎಣಿಸುತ್ತಿದ್ದೆವು, ಆದರೆ ಬೇರೆ ಲೆಕ್ಕದಲ್ಲಿ. ಏಪ್ರಿಲ್ 10ಕ್ಕೆ ಪರೀಕ್ಷೆಯ ಫಲಿತಾಂಶ, ಅವತ್ತೇ ಹಾಸ್ಟೆಲಿಗೆ ಬೀಗ. ಬೀಗ ಅಂದರೆ ಬೆಳಗಿನ ಉಪ್ಪಿಟ್ಟಿಗೆ ಬೀಗ, ರಾತ್ರಿಯ ಅನ್ನಕ್ಕೆ ಬೀಗ, ಕರೆಂಟು ದೀಪಕ್ಕೆ ಬೀಗ. ಜೂನ್ ತನಕ ಅದು ತೆಗೆಯುವುದಿಲ್ಲ. ಟ್ರಂಕು ಹೊತ್ತು ಮನೆಗೆ ಹೋದರೆ ಅವ್ವ 'ಮಗ ಬಂತು' ಅಂತ ನಗುತ್ತಿದ್ದಳು, ನಗುತ್ತಲೇ ಅಕ್ಕಿ ಮಡಕೆಯ ಕಡೆ ಒಂದು ಸಲ ನೋಡುತ್ತಿದ್ದಳು. ಆ ನೋಟ ನನಗೆ ಇವತ್ತಿಗೂ ನೆನಪಿದೆ. ಮಾರನೇ ಬೆಳಿಗ್ಗೆ ಅಪ್ಪನ ಹಿಂದೆ ತೋಟದ ಮನೆಯ ಅಂಗಳದ ಕೆಳಗೆ ನಿಲ್ಲಬೇಕು. ಮೇಲಿಂದ ಮಾತು ಬರುತ್ತಿತ್ತು: 'ಹುಡ್ಗ ದೊಡ್ಡ ಆದ್ನಲ್ಲೋ. ತರಗು ಹೊರಾಕೆ ಕಳ್ಸು.' ಅಪ್ಪ ಅಂದದ್ದು 'ಹೂಂ ಒಡೆಯಾ' ಅಷ್ಟೆ. ನನ್ನ ಎರಡು ತಿಂಗಳು ಅಪ್ಪನ ಮುಂಗಡದ ಲೆಕ್ಕಕ್ಕೆ ವಜಾ ಆಗುತ್ತಿತ್ತು. ಜೀತ ರದ್ದಾದ ಕಾನೂನು 1976ರಲ್ಲೇ ಬಂದಿತ್ತು. ಆ ಮನೆಯ ಲೆಕ್ಕದ ಪುಸ್ತಕಕ್ಕೆ ಅದು ಇನ್ನೂ ಗೊತ್ತಾಗಿರಲಿಲ್ಲ.

ಮಾಧ್ಯಮಿಕ ಶಾಲೆಯಲ್ಲಿದ್ದಾಗಿನ ಇನ್ನೊಂದು ಸಂಗತಿ. ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ ವಾರ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದ ಪ್ರಬಂಧ ಒಂದೇ: 'ನಾನು ಬೇಸಿಗೆ ರಜೆಯನ್ನು ಕಳೆದ ಬಗೆ'. ನಾನು ಏನು ಬರೆದೆ? 'ಅಜ್ಜಿಯ ಮನೆಗೆ ಹೋಗಿದ್ದೆ. ಮಾವಿನ ಹಣ್ಣು ತಿಂದೆ. ಹೊಳೆಯಲ್ಲಿ ಈಜಿದೆ. ಜಾತ್ರೆ ನೋಡಿದೆ. ರಜೆ ಮುಗಿದದ್ದೇ ತಿಳಿಯಲಿಲ್ಲ.' ಹತ್ತಕ್ಕೆ ಏಳು ಅಂಕ ಬಂತು. ನನ್ನ ಅಜ್ಜಿಯ ಮನೆಯೂ ಒಂದು ತೋಟದ ತಲೆಯ ಮೇಲೇ ಇತ್ತು. ಅಲ್ಲಿಗೆ ಹೋದರೆ ಅಲ್ಲಿಯ ತರಗು ಹೊರಬೇಕಿತ್ತು. ಮೇಷ್ಟ್ರು ಸುಳ್ಳು ಬರೆ ಎಂದು ಹೇಳಿರಲಿಲ್ಲ. ಆ ಪ್ರಬಂಧದ ಆಕಾರವೇ ನನ್ನ ಕೈಯಲ್ಲಿ ಹಾಗೆ ಬರೆಸಿತು. ರಜೆ ಎಂದರೆ ಹೀಗೇ ಇರಬೇಕು ಎನ್ನುವ ಒಂದು ರೂಪ ಭಾಷೆಯೊಳಗೆ ಮೊದಲೇ ಸಿದ್ಧವಾಗಿ ಕೂತಿತ್ತು. ನಾವು ಕೇಳಬೇಕಾದ್ದು ಆ ರೂಪವನ್ನು ಕಟ್ಟಿದವರು ಯಾರು ಎಂದು. ದಲಿತ ವಿಮರ್ಶೆ ವಸ್ತುವಿನ ಬಗ್ಗೆ ಬೇಕಾದಷ್ಟು ಮಾತಾಡಿದೆ, ನಮ್ಮ ಬದುಕು ಸಾಹಿತ್ಯದಲ್ಲಿ ಇದೆಯೋ ಇಲ್ಲವೋ ಎಂದು ಹಾಜರಿ ತೆಗೆದುಕೊಂಡಿದೆ. ರೂಪದ ಜಗಳಕ್ಕೆ ಸರಿಯಾಗಿ ಕೈ ಹಾಕಿಲ್ಲ ಎಂದು ನನಗನ್ನಿಸುತ್ತದೆ.

ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ, 1904ರಲ್ಲಿ. ಬೆಳೆದದ್ದು ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಓದಿಗೆ ಮೈಸೂರು. 1933ರ 'ಮಲೆನಾಡಿನ ಚಿತ್ರಗಳು', 1936ರ 'ಕಾನೂರು ಹೆಗ್ಗಡಿತಿ' ಎರಡೂ ಮೈಸೂರಿನಿಂದ ಹಿಂತಿರುಗಿ ನೋಡಿದ ಮಲೆನಾಡು. ಕಾದಂಬರಿ ಶುರುವಾಗುವುದೇ ಮೈಸೂರಿನಲ್ಲಿ ಓದುವ ಹೂವಯ್ಯ, ರಾಮಯ್ಯ ಬೇಸಿಗೆಯ ರಜೆಗೆ ಊರಿಗೆ ಬರುವುದರಿಂದ. ಅವರನ್ನು ಕರೆದೊಯ್ಯಲು ತೀರ್ಥಹಳ್ಳಿಗೆ ಮನೆಯ ಗಾಡಿ ಬಂದಿರುತ್ತದೆ. ಗಾಡಿ ಹೊಡೆಯುವವನು ನಿಂಗ. ಕನ್ನಡದ ಒಂದು ಮಹಾಕಾದಂಬರಿಗೆ ರಜೆಯೇ ಹೆಬ್ಬಾಗಿಲು. ಇದನ್ನು ನಮ್ಮ ವಿಮರ್ಶಕರು ಕಥೆಯ ಅನುಕೂಲಕ್ಕೆ ಬಂದ ಸಂಗತಿ ಎಂದು ದಾಟಿಬಿಟ್ಟಿದ್ದಾರೆ. ನನಗೆ ಅದು ಅಷ್ಟು ಸಣ್ಣದಾಗಿ ಕಾಣುವುದಿಲ್ಲ. ಊರಲ್ಲೇ ಇದ್ದವನಿಗೆ ಕಾಡು ಕಾಡಾಗಿ ಕಾಣುವುದಿಲ್ಲ, ಕೆಲಸವಾಗಿ ಕಾಣುತ್ತದೆ: ಸೊಪ್ಪು, ತರಗು, ಸೌದೆ, ಬಿದಿರು. ಹೋಗಿ ಮರಳಿ ಬಂದವನಿಗೆ, ಅದರಲ್ಲೂ ಬಂದ ಮೇಲೆ ಮಾಡಲು ಕೆಲಸವಿಲ್ಲದವನಿಗೆ, ಅದೇ ಕಾಡು ಸೌಂದರ್ಯವಾಗುತ್ತದೆ. ನವೋದಯದ ಪ್ರಕೃತಿ ಎನ್ನುವುದು ಬಹುಮಟ್ಟಿಗೆ ರಜೆಯ ಕಣ್ಣಿನ ಸೃಷ್ಟಿ.

ಇಷ್ಟು ಹೇಳಿ ಕುವೆಂಪು ಅವರನ್ನು ಗೌಡರ ಲೇಖಕ ಎಂದು ಮೂಲೆಗೆ ಒತ್ತಿ ಕೈ ತೊಳೆದುಕೊಳ್ಳಬಹುದು. ನಮ್ಮ ಸಭೆಗಳಲ್ಲಿ ಅಂಥ ಮಾತಿಗೆ ಚಪ್ಪಾಳೆಯೂ ಬೀಳುತ್ತದೆ. ಆದರೆ ಆ ಚಪ್ಪಾಳೆಗೆ ನನ್ನ ಅವ್ವ ಒಪ್ಪುವುದಿಲ್ಲ.

1979ರ ಬೇಸಿಗೆ. ಎಸ್ಸೆಸ್ಸೆಲ್ಸಿ ಬರೆದು ಮನೆಯಲ್ಲಿದ್ದೆ. ಮೇಷ್ಟ್ರೊಬ್ಬರು 'ಕಾನೂರು ಹೆಗ್ಗಡಿತಿ' ಕೊಟ್ಟಿದ್ದರು, ಜೂನ್‌ನಲ್ಲಿ ವಾಪಸು ಕೊಡು ಅಂತ. ರಾತ್ರಿ ಬುಡ್ಡಿ ದೀಪದಲ್ಲಿ ಅವ್ವನಿಗೂ ಅಪ್ಪನಿಗೂ ಗಟ್ಟಿಯಾಗಿ ಓದುತ್ತಿದ್ದೆ. ಇಬ್ಬರಿಗೂ ಅಕ್ಷರ ಬಾರದು. ಮೊದಲು ಸುಮ್ಮನೆ ಕೇಳಿದರು. ಬೇಲರ ಬೈರ ಕದ್ದು ಬಗನಿ ಕಳ್ಳು ಇಳಿಸುವ ಭಾಗ ಬಂದಾಗ ಅಪ್ಪ ಎದ್ದು ಕೂತ. 'ಇದ್ನ ಬರ್ದೋರಿಗೆ ಬಗನಿ ಮರ ಗೊತ್ತು ಕಣಾ' ಅಂದ. ಅದು ನಾನು ಕೇಳಿದ ಮೊದಲ ವಿಮರ್ಶೆ, ಅದು ಮೆಚ್ಚುಗೆಯದು. ಅವ್ವನದು ಬೇರೆ ದಾರಿ. ಅವಳು ಮತ್ತೆ ಮತ್ತೆ ಕೇಳಿದ್ದು ಒಂದೇ: 'ಆ ಹುಡ್ಗ್ರು ರಜಕ್ಕೆ ಬಂದ್ವು, ಸೈ. ಆ ಗಾಡಿ ಹೊಡ್ದೋನು ಉಂಡಿದ್ದೆಲ್ಲಿ?' ನಾನು ಪುಟ ತಿರುಗಿಸಿ ನೋಡಿದೆ. 'ಅದು ಇಲ್ಲವ್ವಾ' ಅಂದೆ. 'ಇಲ್ಲದೆ ಎಂತದು? ಉಂಡಿರ್ತಾನೆ. ಎಲ್ಲಿ ಅಂತ ಬರಿಲಿಲ್ಲ ಅಷ್ಟೆ.'

ಎಂ.ಎ. ತರಗತಿಯಲ್ಲಿ ನನಗೆ ಕಲಿಸಿದ ಯಾವ ವಿಮರ್ಶಾ ಪದ್ಧತಿಗಿಂತಲೂ ಈ ಪ್ರಶ್ನೆ ಹೆಚ್ಚು ಕೆಲಸಕ್ಕೆ ಬಂದಿದೆ. ಪಠ್ಯದಲ್ಲಿ ಯಾರಿದ್ದಾರೆ ಎಂದು ಎಣಿಸಿದರೆ ಬೈರ ಇದ್ದಾನೆ, ಸೇಸಿ ಇದ್ದಾಳೆ, 'ಮಲೆಗಳಲ್ಲಿ ಮದುಮಗಳು' (1967) ತೆಗೆದರೆ ಗುತ್ತಿ, ತಿಮ್ಮಿ ಇದ್ದಾರೆ, ಗುತ್ತಿಯ ನಾಯಿಗೂ ಹೆಸರಿದೆ. ಹಾಜರಿಯಲ್ಲಿ ಕೊರತೆಯಿಲ್ಲ. ಆದರೆ ಯಾರ ದಿನ ಕಥೆಯ ಗಡಿಯಾರವಾಗಿದೆ? ಯಾರು ಉಂಡದ್ದು ವರ್ಣನೆ, ಯಾರು ಉಂಡದ್ದು ಪುಟದ ಆಚೆಗೆ? 'ಕಾನೂರು'ನಲ್ಲಿ ಹೂವಯ್ಯನ ದಿನಗಳಿಗೆ ಬೆಳಗು, ಬೈಗು, ಧ್ಯಾನ, ಓದು ಎಲ್ಲ ಇದೆ. ಬೈರನ ದಿನಕ್ಕೆ ಇರುವುದು ಗೌಡರ ಕಣ್ಣಿಗೆ ಸಿಕ್ಕಿಬೀಳುವ ಗಳಿಗೆಗಳು ಮಾತ್ರ. 'ಮದುಮಗಳು' ಈ ದೋಷವನ್ನು ಮುಕ್ಕಾಲು ಭಾಗ ದಾಟಿದೆ ಎಂದು ನನ್ನ ತೀರ್ಮಾನ. ಅಲ್ಲಿ ಗುತ್ತಿ ನಡೆದಾಗ ಕಥೆ ನಡೆಯುತ್ತದೆ, ಗುತ್ತಿ ಕೂತರೆ ಕಥೆ ಕೂರುತ್ತದೆ. 1928ರಲ್ಲೇ 'ಜಲಗಾರ' ಬರೆದು ಶಿವನನ್ನೇ ಕಸಗುಡಿಸುವವನನ್ನಾಗಿ ನಿಲ್ಲಿಸಿದ ಮನುಷ್ಯ ಇವರು. ಅದರ ದೊಡ್ಡತನ ನನಗೆ ಗೊತ್ತು. ಆದರೆ ಶಿವನು ಜಲಗಾರನಾದರೂ ಜಲಗಾರನಿಗೆ ಒಂದು ದಿನದ ರಜೆ ಸಿಕ್ಕಿತೇ ಎಂದು ಅವ್ವ ಕೇಳುತ್ತಿದ್ದಳು ಅನ್ನುವುದೂ ನನಗೆ ಗೊತ್ತು.

ಮಲೆನಾಡು ಅಂದ ಕೂಡಲೇ ಕನ್ನಡ ಓದುಗನ ಕಿವಿಯಲ್ಲಿ ಮಳೆ ಸುರಿಯುತ್ತದೆ. ಆಗುಂಬೆ, ಉಂಬಳ, ಕಂಬಳಿಕೊಪ್ಪೆ. ಈ ಮಳೆಯ ಮಲೆನಾಡಿನಲ್ಲಿ ಒಂದು ಅನುಕೂಲವಿದೆ, ಅದನ್ನು ಯಾರೂ ಗಮನಿಸಿದಂತಿಲ್ಲ. ಮಳೆಗಾಲದಲ್ಲಿ ನೀರಿಗೆ ಯಾರನ್ನೂ ಕೇಳಬೇಕಾಗಿಲ್ಲ. ಸೋಗೆಯ ತುದಿಯಲ್ಲಿ ಕೊಡ ಇಟ್ಟರೆ ತುಂಬಿತು. ಹಳ್ಳ ಮನೆಯ ಪಕ್ಕದಲ್ಲೇ ಹರಿಯುತ್ತದೆ. ಆಗ ಜಾತಿ ಇಲ್ಲವೆಂದಲ್ಲ, ನೀರಿನ ವಿಷಯದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಮಾರ್ಚ್ ಕಳೆದು ಹಳ್ಳ ಬತ್ತಿ ಕಲ್ಲು ಕಾಣಲು ಶುರುವಾದಾಗ ಜಾತಿಯೂ ಕಾಣಲು ಶುರುವಾಗುತ್ತಿತ್ತು. ನಮ್ಮ ಗುಡಿಸಲುಗಳ ಒರತೆ ಯುಗಾದಿ ಹೊತ್ತಿಗೆ ಕೆಸರಾಗುತ್ತಿತ್ತು. ಆಮೇಲೆ ತೋಟದ ಮನೆಯ ಬಾವಿ. ಬಾವಿಯ ಹತ್ತಿರ ಹೋಗುವ ಹಾಗಿಲ್ಲ. ಕೊಡ ಇಟ್ಟು ದೂರ ನಿಂತು ಯಾರಾದರೂ ಹೊರಬರುವವರೆಗೆ ಕಾಯಬೇಕು. ಅವ್ವ ಒಮ್ಮೊಮ್ಮೆ ಕೆಲಸ ಶುರುವಾಗುವ ಹೊತ್ತಿನವರೆಗೂ ಕಾದು ಖಾಲಿ ಕೊಡ ಹೊತ್ತು ಬಂದದ್ದುಂಟು. ಬೈಯುವವರಲ್ಲ ಆ ಮನೆಯವರು. ಮರೆಯುವವರು.

ಅಂಬೇಡ್ಕರ್ ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಿದ್ದು 1927ರ ಮಾರ್ಚ್ 20ರಂದು. ಓದುವಾಗ ನಾನು ಮೊದಲು ಗಮನಿಸಿದ್ದೇ ಆ ತಿಂಗಳನ್ನು. ಬೇಸಿಗೆ ಬಾಗಿಲಿಗೆ ಬಂದ ಕಾಲ. ಆದರೆ ಅಲ್ಲಿ ಒಂದು ಕೆರೆ ಇತ್ತು, ಸಾರ್ವಜನಿಕವಾದದ್ದು, ಪುರಸಭೆಗೆ ಸೇರಿದ್ದು, ಎಲ್ಲರೂ ಸಾಲಾಗಿ ನಡೆದು ಹೋಗಬಹುದಾದದ್ದು. ನಮ್ಮಲ್ಲಿ ಅಂಥ ಕೆರೆ ಎಲ್ಲಿ? ಬಾವಿ ಒಡೆಯರ ಹಿತ್ತಲಲ್ಲಿ, ಅದು ಅವರ 'ಸ್ವಂತ'ದ್ದು. ಯಾವುದರ ಮೇಲೆ ಸತ್ಯಾಗ್ರಹ ಮಾಡುವುದು? ಮಲೆನಾಡಿನ ದಲಿತ ಹೋರಾಟ ಬಯಲುಸೀಮೆಯದಕ್ಕಿಂತ ತಡವಾಗಿ ಗಟ್ಟಿಯಾಯಿತು ಎಂದು ಗೆಳೆಯರು ಹೇಳುವಾಗ ನಾನು ಈ ಹಿತ್ತಲ ಬಾವಿಯನ್ನು ನೆನೆಯುತ್ತೇನೆ.

ಇಲ್ಲಿ ನಮ್ಮದೇ ವಿಮರ್ಶೆಯ ಒಂದು ಪರಿಭಾಷೆಯನ್ನು ಮುಖಾಮುಖಿಯಾಗಬೇಕಾಗಿದೆ. ಊರು ಮತ್ತು ಕೇರಿ. ಸಿದ್ಧಲಿಂಗಯ್ಯನವರ ಆತ್ಮಕಥೆಗೇ ಆ ಹೆಸರು. ದಲಿತ ಕಥನವನ್ನೆಲ್ಲ ನಾವು ಈ ಎರಡು ಶಬ್ದಗಳ ನಡುವೆ ಇಟ್ಟು ಓದುತ್ತೇವೆ. ಬಯಲುಸೀಮೆಗೆ ಅದು ಸರಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಬಂದು ನೋಡಿ: ಊರೇ ಇಲ್ಲ. ಇರುವುದು ಒಂಟಿ ಮನೆಗಳು, ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗುಡ್ಡ. ಊರಿಲ್ಲದ ಮೇಲೆ ಕೇರಿ ಎಲ್ಲಿಯದು? ಆಳುಗಳ ಗುಡಿಸಲು ಆಯಾ ಮನೆಯ ತೋಟದ ಅಂಚಿನಲ್ಲಿ. ನೀನು ಯಾವ ಕೇರಿಯವನು ಎಂದು ನಮ್ಮಲ್ಲಿ ಯಾರೂ ಕೇಳುತ್ತಿರಲಿಲ್ಲ, ಯಾರ ಮನೆಯವನು ಎಂದು ಕೇಳುತ್ತಿದ್ದರು. ಗುತ್ತಿಯನ್ನು ನೋಡಿ, ಅವನು ಸಿಂಬಾವಿಯವನು, ಅಂದರೆ ಸಿಂಬಾವಿ ಹೆಗ್ಗಡೆಯವರ ಆಳು. ಅವನ ವಿಳಾಸವೇ ಅವನ ಒಡೆತನದ ಪತ್ರ. ಕುವೆಂಪು ಇದನ್ನು ಕಂಡಿದ್ದರು, ನಾವು ದಲಿತ ವಿಮರ್ಶಕರು ಬಯಲುಸೀಮೆಯ ಕನ್ನಡಕ ಹಾಕಿಕೊಂಡು ಕಾಣಲಿಲ್ಲ. ಕೇರಿ ಎಷ್ಟೇ ನರಕವಾದರೂ ಅಲ್ಲಿ ಹತ್ತು ಮನೆ, ಒಂದು ಮಾರಮ್ಮ, ಒಂದು ತಮಟೆ, ಜಗಳಕ್ಕೆ ಜನ. ನಮಗೆ ಹತ್ತಿರದ ನೆಂಟರ ಗುಡಿಸಲಿಗೆ ಎರಡು ಗುಡ್ಡ ಹತ್ತಿಳಿಯಬೇಕು. ಬೇಸಿಗೆಯ ರಾತ್ರಿ ಎದುರು ಗುಡ್ಡದಲ್ಲಿ ದೊಂದಿಯ ಬೆಳಕು ಚಲಿಸಿದರೆ 'ನಮ್ಮೋರೇ ಇರ್ಬೇಕು' ಅಂತ ಅವ್ವ ಕೂಗು ಹಾಕುತ್ತಿದ್ದಳು. ಕೇಳಿದರೆ ಅತ್ತಲಿಂದಲೂ ಕೂಗು.

ಕಾಗೋಡು ಸತ್ಯಾಗ್ರಹವೂ ನಡೆದದ್ದು ಬೇಸಿಗೆಯಲ್ಲೇ, 1951ರ ಏಪ್ರಿಲಿನಲ್ಲಿ ಶುರುವಾಗಿ. ಸಾಗರದ ಆ ಗೇಣಿದಾರರ ಹೋರಾಟ ಮಲೆನಾಡಿನ ಸಮಾಜವಾದಕ್ಕೆ ಬೇರು. ಅದರ ಬೆಳೆ 1974ರ ಭೂಸುಧಾರಣೆ. ಉಳುವವನಿಗೆ ಭೂಮಿ ಬಂತು, ಒಳ್ಳೆಯದೇ ಆಯಿತು. ಆದರೆ ಗೇಣಿ ಚೀಟಿ ಇದ್ದವನು ಉಳುವವನಾದ. ಗೇಣಿದಾರನ ಹೊಲದಲ್ಲಿ ನಿಜಕ್ಕೂ ಉತ್ತ ನಮ್ಮಪ್ಪ ಕೂಲಿಯವನಾಗಿಯೇ ಉಳಿದ. ಡಿಕ್ಲರೇಷನ್ ಕೊಡಲು ಅಪ್ಪನ ಹತ್ತಿರ ಇದ್ದದ್ದು ಮುಂಗಡದ ಸಾಲ ಮಾತ್ರ. ಶೂದ್ರ ಮತ್ತು ದಲಿತ ಎನ್ನುವ ಎರಡು ಶಬ್ದಗಳನ್ನು ಒಂದೇ ಉಸಿರಿನಲ್ಲಿ ಹೇಳುವ ನಮ್ಮ ಚಳುವಳಿಯ ಗೆಳೆಯರು ಕೋಪಿಸಿಕೊಳ್ಳಬಾರದು. ಅನುಭವಿಸಿದ್ದನ್ನು ಹೇಳುತ್ತಿದ್ದೇನೆ.

ತರಗಿನ ಮಾತಿಗೆ ಮರಳುತ್ತೇನೆ. ಫೆಬ್ರವರಿಯಿಂದ ಮೇ ತನಕ ತೋಟದ ಮನೆಯ ಕೊಟ್ಟಿಗೆಗೆ ಹಾಸಲು ಒಣ ಎಲೆ ಬೇಕು, ಗೊಬ್ಬರಕ್ಕೆ ಸೊಪ್ಪು ಬೇಕು, ಮಳೆಗಾಲಕ್ಕೆ ಸೌದೆ ಬೇಕು. ಕಾಡಿಗೆ ಹೋಗಿ ಗುಡಿಸಿ, ದೊಡ್ಡ ಬುಟ್ಟಿಗೆ ತುಳಿದು ತುಂಬಿ, ತಲೆ ಮೇಲೆ ಹೊತ್ತು ಇಳಿಯಬೇಕು. ಒಣ ಎಲೆಯ ಮೇಲೆ ಬಿಸಿಲು ಬಿದ್ದ ವಾಸನೆ ನನಗೆ ಇವತ್ತಿಗೂ ಇಷ್ಟ. ಕವಿತೆಗಳಲ್ಲಿ ಆ ಎಲೆ ಸರಸರ ಎನ್ನುತ್ತದೆ, ಉದುರುತ್ತದೆ, ಬದುಕಿನ ಅನಿತ್ಯವನ್ನು ಸಾರುತ್ತದೆ. ನಮ್ಮ ಮೈಗೆ ಅದರಿಂದ ಬಂದದ್ದು ಉಣುಗು. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಇದೇ ಉಣುಗಿನಿಂದ, ಹೆಚ್ಚಾಗಿ ಇದೇ ಬೇಸಿಗೆಯ ತಿಂಗಳುಗಳಲ್ಲಿ. 2024ರಲ್ಲೂ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಜನ ಇದರಿಂದ ಮಲಗಿದರು. ಕಾಯಿಲೆಗೆ ಜಾತಿಯಿಲ್ಲ ಎಂದು ವೈದ್ಯರು ಹೇಳುತ್ತಾರೆ, ನಿಜ. ಆದರೆ ತರಗು ಹೊರುವ ತಲೆಗೆ ಇದೆ. ಪ್ರಕೃತಿ ಕವಿತೆಯನ್ನು ಪಾಠ ಮಾಡುವ ಮೇಷ್ಟ್ರುಗಳು ಆ ಪದ್ಯದಲ್ಲಿ ಎಲೆಯನ್ನು ಗುಡಿಸುವವರು ಯಾರು ಎಂದು ಒಂದು ಸಲ ಹುಡುಗರನ್ನು ಕೇಳಿ ನೋಡಲಿ.

ನವ್ಯಕ್ಕೆ ಬಂದರೂ ಮರಳಿ ಬರುವವನ ಕಣ್ಣು ಹೋಗಲಿಲ್ಲ. ಅನಂತಮೂರ್ತಿಯವರ 'ಭಾರತೀಪುರ'ದ (1973) ಜಗನ್ನಾಥ ಇಂಗ್ಲೆಂಡಿನಿಂದ ಬಂದವನು. ಹೊಲೆಯರನ್ನು ಮಂಜುನಾಥನ ಗುಡಿಗೆ ನುಗ್ಗಿಸಲು ಹೊರಡುತ್ತಾನೆ, ಮನೆಯ ಸಾಲಿಗ್ರಾಮವನ್ನು ತಂದು ಮುಟ್ಟಿ ಅನ್ನುತ್ತಾನೆ. ಆ ದೃಶ್ಯದ ಹಿಂಸೆಯನ್ನು ಲೇಖಕರು ಅಡಗಿಸಿಟ್ಟಿಲ್ಲ, ಅದು ಅವರ ಪ್ರಾಮಾಣಿಕತೆ. ಆದರೂ ಮುಟ್ಟುವವರ ಮುಖಗಳು ಜಗನ್ನಾಥನ ತಳಮಳಕ್ಕೆ ಕನ್ನಡಿಯಾಗುತ್ತವೆಯೇ ಹೊರತು, ಅವರಿಗೆ ಆವತ್ತು ಕೆಲಸವಿತ್ತೇ, ಕೂಲಿ ತಪ್ಪಿತೇ ಎಂದು ಕಾದಂಬರಿ ಕೇಳುವುದಿಲ್ಲ. ಅವ್ವನಿಗೆ ಇದನ್ನು ಓದಿ ಹೇಳಿದ್ದರೆ, 'ಅವತ್ತಿನ ಕೂಲಿ ಯಾರ್ ಕೊಟ್ರು?' ಅನ್ನುತ್ತಿದ್ದಳು.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು ಒಪ್ಪಿಕೊಳ್ಳದಿದ್ದರೆ ಲೇಖನ ಸುಳ್ಳಾಗುತ್ತದೆ. ಆ ಬೇಸಿಗೆಗಳಲ್ಲಿ ನಾನು ಸುಖವಾಗಿಯೂ ಇದ್ದೆ. ತರಗಿನ ಬುಟ್ಟಿ ಇಳಿಸಿ ಕಾಟುಮಾವಿನ ಮರದ ಕೆಳಗೆ ಮಲಗುತ್ತಿದ್ದೆವು. ಬತ್ತುತ್ತಿದ್ದ ಹಳ್ಳದ ಗುಂಡಿಯ ನೀರು ಮೊಗೆದು ಚೆಲ್ಲಿ ಮೀನು ಹಿಡಿಯುತ್ತಿದ್ದೆವು. ಕಲ್ಲು ಎತ್ತಿದರೆ ಏಡಿ. ಅವ್ವ ಹಲಸಿನ ಹಪ್ಪಳ ತಟ್ಟುವಾಗ ಹಿಟ್ಟನ್ನು ಕದ್ದು ತಿಂದು ಹೊಡೆತ ತಿನ್ನುತ್ತಿದ್ದೆ. ಮೇ ತಿಂಗಳ ಕೊನೆಗೆ ಮೊದಲ ಮಳೆ ಬಿದ್ದ ರಾತ್ರಿ ದೊಂದಿ ಹಿಡಿದು ಹತ್ತುಮೀನಿಗೆ ಹೋಗುತ್ತಿದ್ದೆವು, ಅಪ್ಪ ಆವತ್ತು ಒಬ್ಬರ ಆಳಲ್ಲ, ಹಳ್ಳದ ರಾಜ. ಈ ಸುಖವನ್ನು ನಾನು ಇದುವರೆಗೆ ಎಲ್ಲೂ ಬರೆದಿಲ್ಲ. ಯಾಕೆ? ಬರೆದರೆ ಅದು ಏಳು ಅಂಕದ ಪ್ರಬಂಧದ ಹಾಗೆ ಆಗಿಬಿಟ್ಟೀತು ಎಂಬ ಭಯ. ಇನ್ನೊಂದು ಭಯ ನಮ್ಮವರದೇ. ದಲಿತ ಲೇಖಕನಿಂದ ನೋವಿನ ಹೊರತು ಬೇರೇನನ್ನೂ ಕೇಳಲು ತಯಾರಿಲ್ಲದ ಓದುಗವರ್ಗವನ್ನು ನಾವೇ ಬೆಳೆಸಿಕೊಂಡಿದ್ದೇವೆ. ನೋವು ಬರೆದರೆ ಅಧಿಕೃತ, ನಗು ಬರೆದರೆ ಅನುಮಾನ. ಅಂದರೆ ಪ್ರಕೃತಿಯ ಸುಖವನ್ನು ಪೂರ್ತಿ ರಜೆ ಇದ್ದವರ ಹೆಸರಿಗೆ ಖಾತೆ ಮಾಡಿಕೊಟ್ಟಂತಾಯಿತು.

ದೇವನೂರ ಮಹಾದೇವರ 'ಒಡಲಾಳ' ಇದರಿಂದ ಪಾರಾದ ಬಗೆಯನ್ನು ಇನ್ನೂ ಕಲಿಯಬೇಕಾಗಿದೆ. ಕದ್ದು ತಂದ ಕಡಲೆಕಾಯಿಯನ್ನು ಸಾಕವ್ವನ ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕೂತು ಒಂದೇ ರಾತ್ರಿಯಲ್ಲಿ ಮುಗಿಸುತ್ತಾರಲ್ಲ, ಆ ರಾತ್ರಿಯ ಸಡಗರ ಹಸಿವನ್ನು ಮುಚ್ಚಿಡುವುದಿಲ್ಲ, ಹಸಿವು ಸಡಗರವನ್ನು ಕೊಲ್ಲುವುದಿಲ್ಲ. ಬೆಳಗಾದರೆ ಪೊಲೀಸರು ಬರುತ್ತಾರೆ. ಆದರೂ ಆ ರಾತ್ರಿ ಅವರದೇ. ಅಲ್ಲಿ ಉಂಡದ್ದು ಎಲ್ಲಿ, ಹೇಗೆ, ಸಿಪ್ಪೆ ಏನಾಯಿತು ಎನ್ನುವುದೆಲ್ಲ ಪುಟದ ಒಳಗೇ ಇದೆ. ಅವ್ವನಿಗೆ ಅದನ್ನೂ ಓದಿ ಹೇಳಿದ್ದೆ. ಪ್ರಶ್ನೆ ಕೇಳಲಿಲ್ಲ. ನಕ್ಕಳು, ಆಮೇಲೆ 'ಸಿಪ್ಪೆ ಸುಟ್ಟಿದ್ದು ಚಲೋ ಆತು' ಅಂದಳು, ತಾನೇ ಅಲ್ಲಿದ್ದವಳ ಹಾಗೆ. ನನಗೆ ತಿಳಿದ ಮಟ್ಟಿಗೆ ಮಲೆನಾಡಿನ ತೋಟದ ಅಂಚಿನ ಗುಡಿಸಲಿನ ಒಂದು ಬೇಸಿಗೆಯ ರಾತ್ರಿ ಆ ತೂಕದಲ್ಲಿ ಕನ್ನಡದಲ್ಲಿ ಬರಬೇಕಾಗಿದೆ. ನನ್ನ ಕೈಲಾಗಲಿಲ್ಲ. ನಾನೂ ಈಗ ಮರಳಿ ಬರುವವನೇ. ಪಿಂಚಣಿ ಬರುತ್ತದೆ, ವರ್ಷಕ್ಕೊಮ್ಮೆ ಬಸ್ಸಿಳಿದಾಗ ಬೆಟ್ಟ ನನಗೂ ಚೆಂದ ಕಾಣುತ್ತದೆ. ತಮ್ಮ ಮಾತ್ರ ಬೆಟ್ಟದ ಕಡೆ ನೋಡಿ, 'ಈ ಸಲ ಸೊಪ್ಪಿಗೆ ಜನ ಸಿಗೂದಿಲ್ಲ' ಅನ್ನುತ್ತಾನೆ.

ಹೋದ ವರ್ಷ ಜೂನ್‌ನಲ್ಲಿ ಹೋಗಿದ್ದೆ. ಅವ್ವ, ಅಪ್ಪ ಇಬ್ಬರೂ ಈಗಿಲ್ಲ. ಗುಡಿಸಲು ಹೋಗಿ ಹಂಚಿನ ಮನೆಯಾಗಿದೆ, ನಲ್ಲಿಯಿದೆ, ಬೇಸಿಗೆಯಲ್ಲಿ ಅದೂ ಕೆಮ್ಮುತ್ತದಂತೆ. ತಮ್ಮನ ಮೊಮ್ಮಗ ಆರನೇ ಕ್ಲಾಸು. ರಜೆಯಲ್ಲಿ ಅವನು ಹತ್ತಿರದ ಹೋಂಸ್ಟೇಯಲ್ಲಿ ಬಂದವರ ಬ್ಯಾಗು ಹೊರುವುದು, ಅವರ ಮಕ್ಕಳಿಗೆ ಹಳ್ಳ ತೋರಿಸುವುದು ಮಾಡಿದನಂತೆ. ಬ್ಯಾಗಿಗೆ ಇಪ್ಪತ್ತು ರೂಪಾಯಿ, ಹಳ್ಳ ತೋರಿಸಿದ್ದಕ್ಕೆ ಚಾಕ್ಲೇಟು. ಜಗುಲಿಯಲ್ಲಿ ಕೂತು ಬರೆಯುತ್ತಿದ್ದ. ನೋಟ್‌ಬುಕ್ ಇಸಿದುಕೊಂಡು ನೋಡಿದೆ. ತಲೆಬರಹ ನನಗೆ ಬಾಯಿಪಾಠವಿದ್ದದ್ದೇ. ಮೊದಲ ಸಾಲು: 'ನಾನು ರಜೆಯಲ್ಲಿ ಅಜ್ಜಿಯ ಮನೆಗೆ ಹೋಗಿದ್ದೆ.' ಗಟ್ಟಿಯಾಗಿ ಓದಿದೆ. ಒಳಗೆ ಒಲೆ ಊದುತ್ತಿದ್ದ ತಮ್ಮನ ಹೆಂಡತಿ ಊದುಕೊಳವೆ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು.

'ಯಾವ ಅಜ್ಜಿ ಮನೆಗಾ? ನಾನು ಇಲ್ಲೇ ಇದೀನಲಾ!'

ಹುಡುಗ ತಲೆ ಎತ್ತದೆ ಎರಡನೇ ಸಾಲು ಬರೆಯುತ್ತಿದ್ದ.